ಸುಜುಕಾದ ಕೊನೆಯ ಷಿಕೇನ್ ಮತ್ತು ನಂಬರ್ 83

ಭಾನುವಾರ ರಾತ್ರಿ ಹನ್ನೊಂದಕ್ಕೆ ಕಂಪ್ಯೂಟರಿನಲ್ಲಿ ನಮ್ಮ ಆನ್‌ಲೈನ್ ಕಾರ್ ರೇಸ್ ಮುಗಿಯಿತು. ಹನ್ನೊಂದೂಕಾಲಿಗೆಲ್ಲ ನಾನು ಪ್ರೊಟೆಸ್ಟ್ ಬರೆದು ಮುಗಿಸಿದ್ದೆ. ಲ್ಯಾಪ್ 19, ಕೊನೆಯ ಷಿಕೇನ್ (ಒಂದರ ಹಿಂದೊಂದು ಬರುವ ಇಕ್ಕಟ್ಟಿನ ತಿರುವುಗಳು), ಕಾರ್ ನಂಬರ್ 83, ಬೇಕಂತಲೇ ಬೇಗ ಬ್ರೇಕ್ ಹಾಕಿದ್ದಾನೆ ಅಂತ. ಕಳಿಸುವ ಬಟನ್ ಒತ್ತಲಿಲ್ಲ, ಏಕೆಂದರೆ ಒತ್ತುವ ಹಾಗಿರಲಿಲ್ಲ. ನಮ್ಮ ಲೀಗಿನಲ್ಲಿ ರೇಸ್ ಮುಗಿದು ಹನ್ನೆರಡು ಗಂಟೆ ಕಳೆಯುವವರೆಗೆ ಯಾರ ದೂರನ್ನೂ ತೆಗೆದುಕೊಳ್ಳುವುದಿಲ್ಲ. ಆ ನಿಯಮ ಮಾಡಿದವರ ಹೊಟ್ಟೆ ತಣ್ಣಗಿರಲಿ.

ನಾನು ದಾವಣಗೆರೆಯವನು, ಹಲ್ಲಿನ ಲ್ಯಾಬ್ ಇಟ್ಟುಕೊಂಡಿದ್ದೇನೆ. ಡಾಕ್ಟರುಗಳು ಕಳಿಸುವ ಅಚ್ಚಿಗೆ ಕ್ಯಾಪು, ಬ್ರಿಜ್ಜು, ಹಲ್ಲಿನ ಸೆಟ್ಟು ಮಾಡಿಕೊಡುವುದು ನನ್ನ ಕಸುಬು. ವಯಸ್ಸು ಮೂವತ್ತೇಳು. 2020ರ ಲಾಕ್‌ಡೌನಿನಲ್ಲಿ ಕ್ಲಿನಿಕ್ಕುಗಳು ಮುಚ್ಚಿ ಕೈಯಲ್ಲಿ ಕೆಲಸವಿಲ್ಲದಾಗ ಫಾರ್ಮುಲಾ ಒನ್ ಡ್ರೈವರುಗಳೇ ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ರೇಸ್ ಮಾಡುವುದನ್ನು ನೋಡಿದೆ. ಆ ವರ್ಷವೇ ಒಂದು ಸೆಕೆಂಡ್ ಹ್ಯಾಂಡ್ ಸ್ಟೀರಿಂಗ್ ಸೆಟ್ ಕೊಂಡೆ. ಮೊದಲು ಊಟದ ಟೇಬಲ್ಲಿಗೆ ಕ್ಲ್ಯಾಂಪ್ ಹಾಕಿ ಕೂರುತ್ತಿದ್ದೆ. ಬ್ರೇಕ್ ಒತ್ತಿದಾಗಲೆಲ್ಲ ಚಕ್ರದ ಕುರ್ಚಿ ಹಿಂದಕ್ಕೆ ಜಾರುತ್ತಿತ್ತು. ಈಗ ಪಿ.ಬಿ. ರಸ್ತೆಯ ಹತ್ತಿರ ವೆಲ್ಡಿಂಗ್ ಮಾಡಿಸಿದ ಕಬ್ಬಿಣದ ಚೌಕಟ್ಟಿದೆ, ಅದರ ಮೇಲೆ ಗುಜರಿಯಿಂದ ತಂದ ಮಾರುತಿ 800ರ ಸೀಟಿದೆ. ಅತಿಥಿಗಳ ಕೋಣೆ ಅಂತ ಕಟ್ಟಿಸಿದ್ದ ಜಾಗ ಅದು. ಬೇಸಿಗೆಯಲ್ಲಿ ಆ ಕೋಣೆಯಲ್ಲಿ ಒಂದು ಗಂಟೆ ರೇಸ್ ಮಾಡಿ ಎದ್ದರೆ ಬನಿಯನ್ ಹಿಂಡಬಹುದು. ಫ್ಯಾನ್ ಜೋರಾಗಿ ಹಾಕಿದರೆ ಮೈಕಿನಲ್ಲಿ ಗಾಳಿಯ ಸದ್ದು ಬರುತ್ತದೆ.

ನಾವು ಆಡುವುದು ಅಸೆಟೊ ಕೊರ್ಸಾ ಕಾಂಪೆಟಿಜಿಯೋನೆ. ಇಟಲಿಯ ಕೂನೋಸ್ ಕಂಪನಿಯವರು ಮಾಡಿದ್ದು, 2019ರಲ್ಲಿ ಪೂರ್ತಿಯಾಗಿ ಬಿಡುಗಡೆಯಾಯಿತು. ಹೆಚ್ಚುಕಡಿಮೆ ಜಿಟಿ3 ಕಾರುಗಳ, ಅಂದರೆ ಮಾರಾಟದ ಸ್ಪೋರ್ಟ್ಸ್ ಕಾರುಗಳನ್ನು ರೇಸಿಗೆ ಮಾರ್ಪಡಿಸಿದವುಗಳ ಜಗತ್ತೇ ಅದು. ನಾನು ಮರ್ಸಿಡಿಸ್ ಎಎಂಜಿ ಆರಿಸಿಕೊಳ್ಳಲು ಕಾರಣ ಬೆಂಗಳೂರಿನ ರೇಸ್ ಡ್ರೈವರ್ ಅರ್ಜುನ್ ಮೈನಿ. 2021ರಲ್ಲಿ ಜರ್ಮನಿಯ ಡಿಟಿಎಂ ಕಾರ್ ರೇಸ್ ಸರಣಿ ಜಿಟಿ3 ಕಾರುಗಳಿಗೆ ಬದಲಾದಾಗ ಅವರು ಅಲ್ಲಿ ಓಡಿಸಿದ್ದು ಇದೇ ಕಾರು. ನಮ್ಮ ಕಡೆಯ ಹುಡುಗನೊಬ್ಬ ನಿಜವಾಗಿ ಕೂತ ಸೀಟು ಅನ್ನುವುದು ನನಗೆ ಇವತ್ತಿಗೂ ದೊಡ್ಡ ವಿಷಯ.

ಲೀಗ್ ಅಂದರೆ ಪುಕ್ಕಟೆ ಸೇವೆ ಮಾಡುವ ನಾಲ್ಕೈದು ಜನ ನಡೆಸುವ ಚಾಂಪಿಯನ್‌ಶಿಪ್. ಆರು ಸುತ್ತು, ಅಂದರೆ ಆರು ರೇಸ್, ಎರಡು ವಾರಕ್ಕೊಂದು ಭಾನುವಾರ. ಸ್ಟಾರ್ಟಿನ ಸ್ಥಾನ ಗೊತ್ತುಮಾಡಲು ಹದಿನೈದು ನಿಮಿಷ ಕ್ವಾಲಿಫೈಯಿಂಗ್, ಅರವತ್ತು ನಿಮಿಷ ರೇಸ್, ನಡುವೆ ಬದಿಗೆ ಬಂದು ನಿಲ್ಲುವ ಒಂದು ಪಿಟ್ ಸ್ಟಾಪ್ ಕಡ್ಡಾಯ. ಮೂವತ್ತರ ಹತ್ತಿರ ಕಾರುಗಳು. ಸರ್ವರ್ ಮುಂಬೈಯಲ್ಲಿ, ನನ್ನ ಪಿಂಗ್, ಅಂದರೆ ಸಂದೇಶ ಅಲ್ಲಿಗೆ ಹೋಗಿ ಬರಲು ಹಿಡಿಯುವ ಹೊತ್ತು, ನಲವತ್ತು ಮಿಲಿಸೆಕೆಂಡಿನ ಆಸುಪಾಸು. ಮುಂದಿನ ಎಂಟು ಜನ ಬೇರೆಯೇ ಲೋಕದವರು, ಅವರ ಹಿಂದಿನ ಬಂಪರ್ ನನಗೆ ಕಾಣುವುದು ಸ್ಟಾರ್ಟಿನಲ್ಲಿ ಮಾತ್ರ. ನನ್ನ ರೇಸ್ ಇರುವುದು ಹನ್ನೆರಡರಿಂದ ಹದಿನೆಂಟನೇ ಸ್ಥಾನದ ನಡುವೆ. ಆ ಜಾಗದ ಹೋರಾಟ ಮೊದಲ ಸ್ಥಾನದ ಹೋರಾಟಕ್ಕಿಂತ ಕಡಿಮೆಯದಲ್ಲ. ಅಲ್ಲಿ ಇಡೀ ಗಂಟೆ ಮುಂದೊಂದು ಕಾರು, ಹಿಂದೊಂದು ಕಾರು ಇದ್ದೇ ಇರುತ್ತದೆ. ಒಂದು ತಿರುವಿನಲ್ಲೂ ಉಸಿರು ಬಿಡುವ ಹಾಗಿಲ್ಲ.

ಗೊತ್ತಿಲ್ಲದವರು ಇದು ವಿಡಿಯೋ ಗೇಮ್ ತಾನೇ ಅನ್ನುತ್ತಾರೆ. ಇಂಥದ್ದೇ ಆಟದ ಸ್ಪರ್ಧೆ ಗೆದ್ದ ಯಾನ್ ಮಾರ್ಡನ್‌ಬರೋ 2013ರಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆ ರೇಸಿನಲ್ಲಿ ಓಡಿಸಿದ ಕಥೆ ಹೇಳಿ ಬಾಯಿ ಮುಚ್ಚಿಸಬಹುದು. ನಾನು ಹೇಳುವುದಿಲ್ಲ. ಅದು ಹತ್ತೊಂಬತ್ತು ವರ್ಷದ ಹುಡುಗನೊಬ್ಬನಿಗೆ ಸಿಕ್ಕ ಬಾಗಿಲು. ನನಗೆ ನಿಜವಾದ ಟ್ರ್ಯಾಕ್ ಬೇಕಾದರೆ ಕೊಯಮತ್ತೂರಿಗೋ ಚೆನ್ನೈ ಹತ್ತಿರದ ಇರುಂಗಾಟುಕೋಟ್ಟೈಗೋ ಹೋಗಬೇಕು, ಹೋಗಿ ಒಂದು ಜೊತೆ ಟಯರಿಗೆ ಕೊಡುವ ದುಡ್ಡಿನಲ್ಲಿ ಇಲ್ಲಿ ಎಷ್ಟೋ ಸೀಸನ್ ಓಡಿಸಬಹುದು. ನನಗೆ ಬೇಕಾಗಿರುವುದು ಇಲ್ಲಿಯೇ ಇದೆ.

ಏನು ಬೇಕಾಗಿರುವುದು ಅಂದರೆ, ಬ್ರೇಕ್.

ಮೊದಲಿದ್ದ ಪೆಡಲ್ ಎಷ್ಟು ದೂರ ಕೆಳಗೆ ಹೋಯಿತು ಅಂತ ಅಳೆಯುತ್ತಿತ್ತು. ಎರಡು ವರ್ಷ ದುಡ್ಡು ಕೂಡಿಸಿ ಲೋಡ್ ಸೆಲ್ ಪೆಡಲ್ ತಂದೆ. ಅದು ಅಳೆಯುವುದು ಎಷ್ಟು ಭಾರ ಬಿತ್ತು ಅಂತ. ಪೆಡಲ್ ಹೆಚ್ಚೇನೂ ಅಲ್ಲಾಡುವುದಿಲ್ಲ, ಕಾಲು ಮಾತ್ರ ಒತ್ತುತ್ತದೆ. ದೂರಕ್ಕಿಂತ ಭಾರವನ್ನು ಕಾಲು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ. ನೇರ ದಾರಿಯ ಕೊನೆಗೆ ಒಂದೇ ಸಲ ಪೂರ್ತಿ ಭಾರ ಹಾಕಬೇಕು. ಆಮೇಲೆ ಸ್ಟೀರಿಂಗ್ ತಿರುಗಿದಷ್ಟೂ ಭಾರ ಸ್ವಲ್ಪಸ್ವಲ್ಪವೇ ಬಿಡುತ್ತಾ ಬರಬೇಕು. ಥಟ್ಟನೆ ಬಿಟ್ಟರೆ ಮುಂದಿನ ಟಯರಿನ ಮೇಲಿದ್ದ ತೂಕ ಹೋಗಿ ಕಾರು ತಿರುಗುವುದೇ ಇಲ್ಲ. ಹೆಚ್ಚು ಹೊತ್ತು ಹಿಡಿದರೆ ಹಿಂಬದಿ ಜಾರುತ್ತದೆ.

ಲ್ಯಾಬಿನಲ್ಲಿ ಕ್ಯಾಪ್ ಸರಿಯಾಗಿ ಕೂತಿದೆಯೇ ಅಂತ ನೋಡಲು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ನೀಲಿ ಕಾಗದ ಇಟ್ಟು ಕಚ್ಚಿಸುತ್ತೇವೆ. ಕೂದಲಿಗಿಂತ ತೆಳ್ಳಗಿನ ಕಾಗದ. ಎಲ್ಲಿ ಎತ್ತರವಿದೆಯೋ ಅಲ್ಲಿ ನೀಲಿ ಚುಕ್ಕೆ ಬೀಳುತ್ತದೆ. ಅಷ್ಟನ್ನು ಮಾತ್ರ ಉಜ್ಜುವ ಬರ್ ಹಾಕಿ ತೆಗೆಯಬೇಕು. ಮತ್ತೆ ಕಾಗದ, ಮತ್ತೆ ಚುಕ್ಕೆ. ಕಣ್ಣಿಗೆ ಸರಿ ಕಾಣುತ್ತಿದೆ ಅಂತ ಅಂದಾಜಿನ ಮೇಲೆ ಉಜ್ಜಿದವನ ಕ್ಯಾಪ್ ವಾಪಸ್ ಬರುವುದು ಖಂಡಿತ. ರೇಸಿಂಗಿನಲ್ಲಿ ನನ್ನ ನೀಲಿ ಕಾಗದ ಮೋಟೆಕ್ ಅನ್ನುವ ಸಾಫ್ಟ್‌ವೇರ್. ಪ್ರತಿ ಲ್ಯಾಪಿನ ವೇಗ, ಬ್ರೇಕ್, ಥ್ರಾಟಲ್, ಸ್ಟೀರಿಂಗ್ ಎಲ್ಲದರ ಗೆರೆ ಅದರಲ್ಲಿ ಮೂಡುತ್ತದೆ. ಸೋಮವಾರ ರಾತ್ರಿ ಊಟವಾದ ಮೇಲೆ ಕೂತು ಒಂದು ಲ್ಯಾಪಿನ ಮೇಲೆ ಇನ್ನೊಂದನ್ನು ಇಟ್ಟು ನೋಡುತ್ತೇನೆ. ನನಗೆ ರೇಸಿನಷ್ಟೇ ಖುಷಿ ಕೊಡುವ ಕೆಲಸ ಅದು.

ಸುಜುಕಾ ಐದನೇ ಸುತ್ತು. 5.807 ಕಿಲೋಮೀಟರಿನ, ಎಂಟರ ಆಕಾರದ, ತನ್ನ ಮೇಲೆ ತಾನೇ ಸೇತುವೆ ಹಾಕಿಕೊಂಡು ದಾಟುವ ಜಪಾನಿನ ಟ್ರ್ಯಾಕ್. ಅದನ್ನು ನಾನು ಎಲ್ಲಕ್ಕಿಂತ ಹೆಚ್ಚು ಪ್ರೀತಿಸುತ್ತೇನೆ. ಮೊದಲ ಅರ್ಧದ ಎಸ್ ತಿರುವುಗಳಲ್ಲಿ ಒಂದು ಕಡೆ ಅರ್ಧ ಅಡಿ ತಪ್ಪಿದರೆ ಮುಂದಿನ ನಾಲ್ಕೂ ತಪ್ಪುತ್ತವೆ. ಕೊನೆಯಲ್ಲಿ 130ಆರ್ ಎಂಬ ವೇಗದ ಎಡತಿರುವು, ಅದು ಮುಗಿಯುತ್ತಿದ್ದ ಹಾಗೆ ಗಟ್ಟಿ ಬ್ರೇಕ್, ಬಲಕ್ಕೆ, ಎಡಕ್ಕೆ, ಷಿಕೇನ್. 1989ರಲ್ಲಿ ಫಾರ್ಮುಲಾ ಒನ್ ಡ್ರೈವರುಗಳಾದ ಪ್ರಾಸ್ತ್ ಮತ್ತು ಸೆನ್ನಾ ಒಬ್ಬರಿಗೊಬ್ಬರು ಸಿಕ್ಕಿಹಾಕಿಕೊಂಡು ನಿಂತದ್ದು ಇಲ್ಲಿಯೇ. ಸೆನ್ನಾ ಮತ್ತೆ ಓಡಿಸಿ ಮೊದಲು ಬಂದರೂ ಅನರ್ಹರಾದರು, ಚಾಂಪಿಯನ್ ಪಟ್ಟ ಪ್ರಾಸ್ತ್‌ಗೆ ಹೋಯಿತು. ತಪ್ಪು ಯಾರದ್ದು ಅಂತ ಜನ ಇವತ್ತಿಗೂ ವಾದ ಮಾಡುತ್ತಾರೆ.

ಲ್ಯಾಪ್ 19ರಲ್ಲಿ ನಾನು ಹದಿಮೂರನೆಯವನು, 83 ಹನ್ನೆರಡನೆಯವನು. ನಾಲ್ಕು ಲ್ಯಾಪಿನಿಂದ ಅವನ ಬೆನ್ನಿಗಂಟಿದ್ದೆ. 130ಆರ್ ದಾಟಿದೆವು. ಅವನ ಬ್ರೇಕ್ ದೀಪ ಹತ್ತಿತು, ನಾನೂ ಒತ್ತಿದೆ, ಆದರೆ ಅವನ ಕಾರು ನನ್ನ ಮೇಲೆ ಬಂದ ಹಾಗಾಯಿತು. ಸ್ಟೀರಿಂಗ್ ಕೈಯಲ್ಲಿ ಒಮ್ಮೆ ಬಲವಾಗಿ ಹೊಡೆಯಿತು. ಅವನು ತಿರುಗಿ ಮರಳಿಗೆ ಹೋದ. ನನ್ನ ಮುಂಭಾಗ ಜಜ್ಜಿತ್ತು, ಪಿಟ್‌ನಲ್ಲಿ ರಿಪೇರಿಗೆ ಅರ್ಧ ನಿಮಿಷಕ್ಕಿಂತ ಹೆಚ್ಚು ಹೋಯಿತು. ನಾನು 21ನೆಯವನಾಗಿ ಮುಗಿಸಿದೆ, ಅವನು 25.

ಸೋಮವಾರ ಬೆಳಿಗ್ಗೆ ಲ್ಯಾಬಿಗೆ ಹೊರಡುವ ಮುಂಚೆ ದೂರಿಗೆ ರಿಪ್ಲೇ ತುಣುಕು ಲಗತ್ತಿಸಬೇಕಿತ್ತು. ಕೂತು ನೋಡಿದೆ. ಮೊದಲು ನನ್ನ ಕಾರಿನ ಒಳಗಿನಿಂದ. ನನ್ನ ಮಾತೇ ಸರಿ ಅನ್ನಿಸಿತು. ಆಮೇಲೆ ಅವನ ಕಾರಿನ ಹಿಂದಿನಿಂದ, ಒಂದೊಂದೇ ಫ್ರೇಮ್ ಸರಿಸುತ್ತಾ. ದಾರಿ ಬದಿಯ ಬಿಳಿ ಫಲಕವೊಂದರ ನೆರಳು ಟಾರಿನ ಮೇಲೆ ಬಿದ್ದಿತ್ತು. ಲ್ಯಾಪ್ 16ರಲ್ಲಿ ಅವನ ಬ್ರೇಕ್ ದೀಪ ಹತ್ತಿದ್ದು ಮುಂದಿನ ಚಕ್ರ ಆ ನೆರಳನ್ನು ಮುಟ್ಟಿದಾಗ. 17ರಲ್ಲೂ ಅಲ್ಲೇ. 18ರಲ್ಲೂ ಅಲ್ಲೇ. 19ರಲ್ಲೂ, ಅಳೆದಿಟ್ಟ ಹಾಗೆ, ಅಲ್ಲೇ.

ಸರಿ, ಪಿಂಗ್ ಇರಬೇಕು ಅಂದುಕೊಂಡೆ. ಸರ್ವರ್ ಲಾಗ್ ತೆಗೆದು ನೋಡಿದರೆ ಇಬ್ಬರದ್ದೂ ಸ್ಥಿರವಾಗಿತ್ತು. ಕಡೆಗೆ ಮೋಟೆಕ್ ತೆರೆದೆ. ನಾನೂ ಎಲ್ಲ ಲ್ಯಾಪಿನಲ್ಲೂ ಬ್ರೇಕ್ ಹಾಕಿದ್ದು ಒಂದೇ ಜಾಗದಲ್ಲಿ. ಆದರೆ 19ರಲ್ಲಿ ಅಲ್ಲಿಗೆ ಬಂದಾಗ ನನ್ನ ವೇಗ ಮಾಮೂಲಿಗಿಂತ ಆರು ಕಿಲೋಮೀಟರ್ ಹೆಚ್ಚಿತ್ತು. ಆ ಲ್ಯಾಪಿನಲ್ಲಿ ಅವನಿಗೆ ತೀರಾ ಹತ್ತಿರವಿದ್ದೆ. ಮುಂದಿನ ಕಾರು ಗಾಳಿಯನ್ನು ಸೀಳಿಕೊಟ್ಟರೆ ಹಿಂದಿನ ಕಾರಿಗೆ ತಡೆ ಕಡಿಮೆ, ವೇಗ ಹೆಚ್ಚು. ಅದೇ ಗಾಳಿಯಲ್ಲವೇ ರೆಕ್ಕೆಯ ಮೇಲೆ ಕೂತು ಟಯರನ್ನು ನೆಲಕ್ಕೆ ಒತ್ತುವುದು? ಅದೂ ಕಡಿಮೆಯಾಗುತ್ತದೆ, ಹಾಗಾಗಿ ಕಾರು ನಿಲ್ಲುವುದಕ್ಕೆ ಹೆಚ್ಚು ಜಾಗ ಬೇಕು. ಬೆನ್ನಿಗಂಟಿ ಬಂದವನು ಬೇಗ ಬ್ರೇಕ್ ಹಾಕಬೇಕು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ, ಹೊಸ ಹುಡುಗರಿಗೆ ನಾನೇ ಹೇಳಿಕೊಟ್ಟಿದ್ದೇನೆ. ಆ ಗೆರೆಯ ಮೇಲೆ ಆ ಆರು ಕಿಲೋಮೀಟರಿನ ಉಬ್ಬು ನೀಲಿ ಚುಕ್ಕೆಯ ಹಾಗೇ ಕೂತಿತ್ತು.

ಅವನು ಬೇಗ ಬ್ರೇಕ್ ಹಾಕಿದ ಅಂತ ನಾನು ಸುಳ್ಳು ಬರೆದಿರಲಿಲ್ಲ, ನನ್ನ ಕಣ್ಣು ಕಂಡದ್ದನ್ನೇ ಬರೆದಿದ್ದೆ. ಅದೇ ನನ್ನನ್ನು ದಿನವಿಡೀ ಕಾಡಿತು. ಅಷ್ಟು ಖಾತ್ರಿಯಾಗಿ ಕಂಡದ್ದು ಅಷ್ಟು ತಪ್ಪಾಗಿರಬಹುದೇ? ಲ್ಯಾಬಿನಲ್ಲಿ ಕೈ ಓಡಲಿಲ್ಲ. ಮಧ್ಯಾಹ್ನ ಊಟಕ್ಕೆ ಬಂದಾಗ ಹೆಂಡತಿಗೆ ಹೇಳಿದೆ. "ಬರೆದಿದ್ದು ಕಳ್ಸಿಲ್ಲ ತಾನೇ? ಹಂಗಾದ್ರೆ ಸರಿಯಾದದ್ದು ಬರ್ದು ಕಳ್ಸ್ರೀ" ಅಂದಳು.

ಅದೇ ಫಾರ್ಮಿನಲ್ಲಿ, ತಪ್ಪು ಮಾಡಿದ ಕಾರು ಎನ್ನುವಲ್ಲಿ ನನ್ನ ನಂಬರ್ ಹಾಕಿದೆ. ನಾಲ್ಕು ಲ್ಯಾಪಿನ ರಿಪ್ಲೇ ತುಣುಕು, ವೇಗದ ಗೆರೆ ಎರಡನ್ನೂ ಸೇರಿಸಿ ಕಳಿಸಿದೆ. ಲೀಗಿನ ತೀರ್ಪುಗಾರರಾದ ಸ್ಟೀವರ್ಡುಗಳು ನನ್ನ ಸಮಯಕ್ಕೆ ಹತ್ತು ಸೆಕೆಂಡ್ ಸೇರಿಸಿದರು, ಎರಡು ಪೆನಾಲ್ಟಿ ಪಾಯಿಂಟ್ ಹಾಕಿದರು. ನ್ಯಾಯವಾಗಿತ್ತು. 83ಕ್ಕೂ ಬೇರೆಯಾಗಿ ಒಂದು ಮೆಸೇಜ್ ಹಾಕಿದೆ. ಅವನು ಕೊಯಮತ್ತೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಹುಡುಗ ಅನ್ನುವುದಷ್ಟೇ ನನಗೆ ಗೊತ್ತಿದ್ದದ್ದು. ಮಾರನೇ ದಿನ ಉತ್ತರ ಬಂತು, ಇಂಗ್ಲಿಷಿನಲ್ಲಿ, ಕೊನೆಗೊಂದು ಅಣ್ಣಾ ಸೇರಿಸಿ. "ರಿಪ್ಲೇ ನೋಡೋಕೆ ನನಗೆ ಧೈರ್ಯ ಬಂದಿರಲಿಲ್ಲ. ನಾನೇ ಹೆದರಿ ಬೇಗ ಬ್ರೇಕ್ ಹಾಕಿಬಿಟ್ಟೆ ಅಂದುಕೊಂಡಿದ್ದೆ. ಸೀಸನ್ ಬಿಟ್ಟುಬಿಡೋಣ ಅಂತಿದ್ದೆ ಅಣ್ಣಾ."

ಇದನ್ನು ಓದಿ ಎದೆ ಧಸಕ್ ಅಂದಿತು. ನನ್ನ ಮೊದಲ ದೂರು ಹೋಗಿದ್ದರೆ ಆ ಹುಡುಗ ಅದನ್ನು ಒಪ್ಪಿಕೊಂಡೇ ಬಿಡುತ್ತಿದ್ದ.

ಆರನೇ ಸುತ್ತು ಸ್ಪಾ. ಬೆಲ್ಜಿಯಮ್ಮಿನ ಕಾಡಿನ ನಡುವೆ 7.004 ಕಿಲೋಮೀಟರ್. ಆಟದೊಳಗೂ ಅಲ್ಲಿ ಮಳೆ ಬಂದರೆ ಮಳೆಯೇ. ಅವತ್ತು ಸ್ಟಾರ್ಟಿಗೆ ಸಾಲಾಗಿ ನಿಂತಿದ್ದಾಗಲೇ ಹನಿ ಶುರುವಾಗಿತ್ತು. ಇಲ್ಲಿ ದಾವಣಗೆರೆಯಲ್ಲಿ ಸಂಜೆ ಎರಡು ಸಲ ಕರೆಂಟ್ ಹೋಗಿ ಬಂದಿತ್ತು. ಇನ್ವರ್ಟರ್ ಬದಲಾಗುವ ಆ ಕ್ಷಣದಲ್ಲಿ ಕಂಪ್ಯೂಟರ್ ಆರಿಹೋಗದಿರಲಿ ಅಂತ ಲ್ಯಾಬಿನ ಯುಪಿಎಸ್ ಹೊತ್ತು ತಂದಿದ್ದೆ. ಕ್ವಾಲಿಫೈಯಿಂಗಿನಲ್ಲಿ ನಾನು 16, 83 ನನ್ನ ಹಿಂದೆಯೇ 17.

ಮಳೆಯಲ್ಲಿ ಒ ರೂಜ್ ತಿರುವಿಗೆ ಇಳಿದು ರೇಡಿಯಾನ್ ದಿಬ್ಬ ಏರುವಾಗ ಕಣ್ಣಿಗೇನೂ ಕಾಣುವುದಿಲ್ಲ. ಮುಂದಿನ ಕಾರು ಎರಚುವ ನೀರೇ ಮಂಜಾಗಿ ನಿಂತಿರುತ್ತದೆ. ಏರಿನ ತುದಿ ದಾಟಿದ ಮೇಲೆ ಕೆಮೆಲ್ ನೇರದಾರಿ, ಅದರ ಕೊನೆಗೆ ಲೆ ಕೊಂಬ್ ತಿರುವು. ಅಲ್ಲಿ ಪ್ರತಿ ಲ್ಯಾಪಿನಲ್ಲೂ ನಾನು ಮಾಮೂಲಿಗಿಂತ ಬೇಗ ಬ್ರೇಕ್ ಹಾಕಿದೆ. ಕಾಲಿನ ಭಾರ ಅರ್ಧಕ್ಕೆ, ಮತ್ತೆ ನಿಧಾನವಾಗಿ ಮೇಲಕ್ಕೆ. ಕನ್ನಡಿಯಲ್ಲಿ ಅವನ ಎರಡು ಹಳದಿ ದೀಪ, ಒಮ್ಮೆ ದೊಡ್ಡದಾಗಿ ಒಮ್ಮೆ ಚಿಕ್ಕದಾಗಿ. ಪಿಟ್‌ಗೂ ಒಟ್ಟಿಗೇ ಬಂದೆವು, ಒಟ್ಟಿಗೇ ಹೊರಟೆವು. ಕೊನೆಯಿಂದ ಎರಡನೇ ಲ್ಯಾಪಿನಲ್ಲಿ ಲಾ ಸೋರ್ಸ್ ತಿರುವಿನ ಒಳಬದಿಗೆ ಅವನು ಬಂದ. ಒಂದು ಕಾರಿನಷ್ಟು ಜಾಗ ಬಿಟ್ಟೆ. ಹೊರಬರುವಾಗ ಅವನೂ ನನಗೆ ಅಷ್ಟೇ ಬಿಟ್ಟ. ಪಕ್ಕಪಕ್ಕದಲ್ಲೇ ಇಳಿಜಾರಿಗೆ ಇಳಿದೆವು. ಕನ್ನಡಿ ಕನ್ನಡಿ ತಾಗುವಷ್ಟು ಹತ್ತಿರ, ಆದರೂ ತಾಗಲಿಲ್ಲ. ಒ ರೂಜ್‌ಗೆ ಮುಂಚೆ ಅವನೇ ಕಾಲು ತೆಗೆದು ಹಿಂದೆ ಸರಿದ. ಮುಗಿದಾಗ ನಾನು 14, ಅವನು 15, ನಡುವೆ ಅರ್ಧ ಸೆಕೆಂಡಿಗೂ ಕಡಿಮೆ.

ಹೆಡ್‌ಸೆಟ್ ತೆಗೆದಿಟ್ಟು ಸೀಟಿನಲ್ಲೇ ಸುಮ್ಮನೆ ಕೂತಿದ್ದೆ. ಬಲಗಾಲು ನಡುಗುತ್ತಿತ್ತು. ಅಷ್ಟರಲ್ಲಿ ಅವನ ಮೆಸೇಜ್ ಬಂತು.

"ಲೆ ಕೊಂಬ್‌ನಲ್ಲಿ ನನಗೆ ದಾರಿ ಬದಿಯ ಬೋರ್ಡ್ ಒಂದ್ಸಲವೂ ಕಾಣಲಿಲ್ಲ ಅಣ್ಣಾ. ಇಡೀ ರೇಸ್ ನಿಮ್ಮ ಹಿಂದಿನ ಕೆಂಪು ದೀಪ ನೋಡಿಕೊಂಡೇ ಬ್ರೇಕ್ ಹಾಕ್ತಿದ್ದೆ."