ತಲೆಯಲ್ಲಿ ಕೂತ ಹಾಡನ್ನು ತೆಗೆಯೋದು ಹೇಗೆ? ಇದೇ ನನ್ನ ಉತ್ತರ

ನಾನು ವಿಜಯಪುರದ ಕಾಲೇಜೊಂದರಲ್ಲಿ ಮನಃಶಾಸ್ತ್ರ ಕಲಿಸುತ್ತೇನೆ. ಹಾಗಾಗಿ ಬಸ್ ಸ್ಟ್ಯಾಂಡ್, ಸಂತೆ, ಮದುವೆಯ ಪಂಕ್ತಿ, ಎಲ್ಲಿ ಸಿಕ್ಕರೂ ಒಂದೇ ಪ್ರಶ್ನೆ. "ಮೇಡಂ, ಒಂದು ಹಾಡು ತಲ್ಯಾಗ ಕುಂತೈತ್ರಿ. ಹೋಗವಲ್ದು. ತೆಗಿಯೂದು ಹೆಂಗ್ರಿ?" ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು, "ತೆಗೆಯೋದು" ಅನ್ನಬೇಡಿ. ಅದೇನು ಕಾಲಿಗೆ ಚುಚ್ಚಿದ ಜಾಲಿ ಮುಳ್ಳಲ್ಲ. ಬಾಗಲಕೋಟೆಯ ಮದುವೆಯೊಂದರಲ್ಲಿ, ಹೋಳಿಗೆ ಮೇಲೆ ತುಪ್ಪ ಬೀಳುತ್ತಿರುವಾಗಲೇ ಪಕ್ಕದ ಹಿರಿಯರು ಕೇಳಿದರು: "ನಮ್ಮ ಹುಡುಗ ದಿನಾ ಕಸದ ಗಾಡಿ ಹಾಡಽ ಹಾಡತಾನ್ರಿ. ಹುಚ್ಚಿನ ಲಕ್ಷಣ ಏನ್ರಿ?" ಹುಡುಗ ಎದುರಿಗೇ ಕೂತಿದ್ದ. ತಲೆ ಎತ್ತದೆ ಅನ್ನ ಕಲಸುತ್ತಿದ್ದ. ಆವತ್ತು ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ದಿನಾ ಬೆಳಿಗ್ಗೆ ಅದೇ ಗಾಡಿ ಅದೇ ಹಾಡು ಹಚ್ಚಿಕೊಂಡು ಓಣಿಗೆ ಬಂದರೆ ಯಾರ ತಲೆಯಲ್ಲಾದರೂ ಉಳಿಯುತ್ತದೆ, ಅಲ್ವಾ?

ಜರ್ಮನ್ ಭಾಷೆಯಲ್ಲಿ ಇದಕ್ಕೆ ಓರ್‌ವುರ್ಮ್, ಅಂದರೆ ಕಿವಿಹುಳ ಅಂತಲೇ ಹೆಸರಿದೆ. ಫಿನ್ಲೆಂಡಿನಲ್ಲಿ 12,000ಕ್ಕೂ ಜಾಸ್ತಿ ಜನರನ್ನು ಕೇಳಿದ ಒಂದು ಸಮೀಕ್ಷೆ 2012ರಲ್ಲಿ ಪ್ರಕಟವಾಯಿತು. ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ವಾರಕ್ಕೊಮ್ಮೆಯಾದರೂ ಹೀಗಾಗುತ್ತದೆ ಎಂದಿದ್ದರು. ಇಷ್ಟು ಜನಕ್ಕೆ ಆಗುವುದು ಹುಚ್ಚು ಹೇಗಾಗುತ್ತದೆ? ಹಾಡು ಹೊರಗಿನಿಂದ ನಿಜವಾಗಿ ಬಂದಂತೆ ಕೇಳಿಸಿದರೆ ಮಾತು ಬೇರೆ, ಆಗ ಡಾಕ್ಟರಿಗೆ ತೋರಿಸಿ. ತಲೆಯೊಳಗೇ ತಿರುಗುತ್ತಿದೆ ಅಂತ ನಿಮಗೇ ಗೊತ್ತಿದ್ದರೆ ಹೆದರಬೇಡಿ.

ಉಪಾಯ ಬೇಕೇ ಬೇಕು ಅಂದರೆ ಚ್ಯೂಯಿಂಗ್ ಗಮ್ ಅಗಿಯಿರಿ. ಗುಟ್ಕಾ ಅಲ್ಲ, ಗಮ್. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರು 2015ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಮನಸ್ಸಿನಲ್ಲಿ ಹಾಡು ಓಡುವಾಗ ಮಿದುಳು ಬಾಯಿ, ನಾಲಿಗೆಯನ್ನೂ ಒಳಗೊಳಗೇ ಹಾಡಲು ಅಣಿ ಮಾಡುತ್ತಿರುತ್ತದೆ. ದವಡೆಗೆ ಬೇರೆ ಕೆಲಸ ಕೊಟ್ಟರೆ ಅದು ತಪ್ಪುತ್ತದೆ. ಇಲ್ಲವಾದರೆ ಹಾಡನ್ನು ಪೂರ್ತಿ ಕೇಳಿಬಿಡಿ. ತಿರುಗುವುದು ಹೆಚ್ಚಾಗಿ ಒಂದು ತುಂಡು ಮಾತ್ರ.

ಇಷ್ಟೇ. ಈಗ ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆಗೆ ಬರುತ್ತೇನೆ. ಇಷ್ಟು ವರ್ಷಗಳಲ್ಲಿ ಅದನ್ನು ಕೇಳಿದವರು ಒಬ್ಬರೇ. ನಮ್ಮ ಓಣಿಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುತ್ತಾರೆ, ಎಲ್ಲರಿಗೂ ಅವರು ಕಾಕು. "ಅಕ್ಕಾರ, ನಂಗ ರೊಟ್ಟಿ ಬಡಿಯೂವಾಗಷ್ಟಽ ಆ ಹಾಡು ಬರತೈತಿ. ಯಾಕ್ರಿ?"

ಹೇಗೆ ಹೋಗುತ್ತದೆ ಅಂತಲ್ಲ. ಯಾವಾಗ ಬರುತ್ತದೆ, ಯಾಕೆ ಆಗಲೇ ಬರುತ್ತದೆ ಅಂತ! ಹತ್ತು ರೊಟ್ಟಿ ತರಲು ಹೋದವಳು ಒಲೆಯ ಮುಂದೆ ಕೂತೇಬಿಟ್ಟೆ.

ಕಾಕು ಹಿಟ್ಟಿನ ಉಂಡೆ ಹಿಡಿದು ಬಡಿಯತೊಡಗಿದರು. ಪಟ ಪಟ ಪಟ, ಒಂದು ತಿರುವು. ಪಟ ಪಟ ಪಟ, ಇನ್ನೊಂದು ತಿರುವು. ರೊಟ್ಟಿ ಅಂಗೈ ಅಗಲ ಆಗುವಷ್ಟರಲ್ಲಿ ತುಟಿ ಮೇಲೆ ಹಾಡು ಬಂದಿತ್ತು. ಆಗ ಅಂಚು ಸೀಳಿತು. ಹಾಡು ನಿಂತಿತು. ಎರಡು ಬೆರಳಿನಿಂದ ಒತ್ತಿ ಸೀಳನ್ನು ಕೂಡಿಸಿದರು. ಮತ್ತೆ ಬಡಿತ ಶುರುವಾಯಿತು, ಅದೇ ಸಾಲು ಮೊದಲಿನಿಂದ ಬಂತು.

ಅಮೆರಿಕದ ಮನಃಶಾಸ್ತ್ರಜ್ಞ ಐರಾ ಹೈಮನ್ ಮತ್ತು ಸಂಗಡಿಗರು 2013ರಲ್ಲಿ ಬರೆದದ್ದು ನನ್ನ ಕಣ್ಣೆದುರೇ ನಡೆಯುತ್ತಿತ್ತು. ಕೆಲಸ ತೀರಾ ಸಲೀಸಾಗಿದ್ದರೆ ಮನಸ್ಸಿನಲ್ಲಿ ಜಾಗ ಖಾಲಿ ಬೀಳುತ್ತದೆ, ಹಾಡು ಬಂದು ಕೂರುತ್ತದೆ. ತೀರಾ ಕಠಿಣವಾಗಿ ಮನಸ್ಸು ಕೈಬಿಟ್ಟರೂ ಬರುತ್ತದೆ. ಹದವಾಗಿ ಗಮನ ಬೇಡುವ ಕೆಲಸವಿದ್ದರೆ ದೂರ ಉಳಿಯುತ್ತದೆ. ಕಾಕುವಿನ ಕೈಗೆ ರೊಟ್ಟಿ ಬಡಿಯಲು ಮನಸ್ಸು ಬೇಕಿಲ್ಲ. ಅಂಚು ಸೀಳಿದಾಗ ಬೇಕು. ಜೊತೆಗೆ, ಆ ಹಾಡನ್ನು ಕಲಿತದ್ದೂ ಅವ್ವನ ಪಕ್ಕ ಕೂತು ರೊಟ್ಟಿ ಬಡಿಯುವಾಗಲೇ ಅಂತೆ. ಕೈಯ ಬಡಿತವೇ ಹಾಡನ್ನು ಕರೆಯುತ್ತದೆ.

ಇದನ್ನೆಲ್ಲ ಹೇಳಿದೆ. ಕಾಕು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಹಂಗಾರ ಮುಂದಿನ ಸಾಲು ಯಾಕ ಬರೂದಿಲ್ರಿ? ಅದನ್ನೂ ಅವ್ವನಽ ಹೇಳಿಕೊಟ್ಟಿದ್ಲು."

ಮತ್ತೆ ಕೂತೆ. ಮನೆ ಮುಟ್ಟುವಷ್ಟರಲ್ಲಿ ರೊಟ್ಟಿ ಆರಿಹೋಗಿದ್ದವು.