ಸೆಂಟರ್‌ನಲ್ಲಿ ಬಿಟ್ಟ ಚಾಳಿ, ಮನೆಗೆ ಹೋದ ತಕ್ಷಣ ವಾಪಸ್

ನಾಯಿ ಟ್ರೈನಿಂಗ್ ಕೆಲಸದಲ್ಲಿ ನನಗೆ ಜಾಸ್ತಿ ಬರುವ ಫೋನ್ ಇದೇ: "ಸರ್, ನಿಮ್ಮ ಹತ್ರ ಇದ್ದಾಗ ಸುಮ್ನೆ ಇತ್ತು. ಮನೆಗೆ ಬಂದ ದಿನವೇ ಊಟದ ಟೇಬಲ್ ಪಕ್ಕ ನಿಂತು ಬೊಗಳ್ತಾ ಇದೆ. ದುಡ್ಡು ದಂಡ ಆಯ್ತಲ್ಲ?"

ದಂಡ ಆಗಿಲ್ಲ. ನಾಯಿ ಹೊಸದನ್ನು ಮರೆತಿಲ್ಲ. ಹಳೆಯದನ್ನೂ ಮರೆತಿಲ್ಲ, ತೊಂದರೆ ಅದು.

ಬೊಗಳಿದರೆ ತುಂಡು ಸಿಗುತ್ತಿತ್ತು, ಅದಕ್ಕೇ ಬೊಗಳುತ್ತಿತ್ತು. ಕೊಡುವುದನ್ನು ಪೂರ್ತಿ ನಿಲ್ಲಿಸಿದರೆ ಮೊದಲು ಗಲಾಟೆ ಹೆಚ್ಚಬಹುದು, ಆಮೇಲೆ ಇಳಿಯುತ್ತದೆ. ಚಾಳಿ ಅಳಿಸಿಹೋಯಿತು ಅಂತ ಜನ ಅಂದುಕೊಳ್ಳುವುದು ಇಲ್ಲೇ. ರಷ್ಯಾದ ವಿಜ್ಞಾನಿ ಪಾವ್ಲೋವ್ ಅವರ ನಾಯಿಗಳು, ಒಂದು ಸೂಚನೆ ಬಂದರೆ ಆಹಾರ ಬರುತ್ತದೆ ಅಂತ ಕಲಿತು ಜೊಲ್ಲು ಸುರಿಸುತ್ತಿದ್ದವು. ಆಹಾರ ಕೊಡದೆ ಬರೀ ಸೂಚನೆ ಕೊಡುತ್ತಾ ಹೋದಾಗ ಜೊಲ್ಲು ನಿಂತಿತ್ತು. ಸ್ವಲ್ಪ ಹೊತ್ತು ಬಿಟ್ಟು ಅದೇ ಸೂಚನೆ ಕೊಟ್ಟರೆ ಮತ್ತೆ ಸುರಿಯಿತು.

ನನಗೆ ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಅಮೆರಿಕದ ಮನೋವಿಜ್ಞಾನಿ ಮಾರ್ಕ್ ಬೌಟನ್ ಅವರ ಇಲಿ ಪ್ರಯೋಗಗಳು. 1979ರಲ್ಲಿ ಅವರು ರಾಬರ್ಟ್ ಬೋಲ್ಸ್ ಜೊತೆ ಒಂದು ಪೆಟ್ಟಿಗೆಯಲ್ಲಿ ಇಲಿಗೆ ಭಯ ಕಲಿಸಿ, ಬೇರೆ ಪೆಟ್ಟಿಗೆಯಲ್ಲಿ ಅದನ್ನು ಇಳಿಸಿದರು. ಮೊದಲ ಪೆಟ್ಟಿಗೆಗೆ ಬಿಟ್ಟರೆ ಭಯ ಮತ್ತೆ ಹಾಜರ್. 'ಈಗ ಏನೂ ಆಗಲ್ಲ' ಅನ್ನುವ ಪಾಠ ಕಲಿತ ಜಾಗಕ್ಕೇ ಜಾಸ್ತಿ ಅಂಟಿಕೊಳ್ಳುತ್ತದೆ. ನಮ್ಮ ಸೆಂಟರ್ ಅಂದರೆ ಆ ಎರಡನೇ ಪೆಟ್ಟಿಗೆ, ಅಷ್ಟೇ.

ಹಾಗಾಗಿ ಊಟದ ಹೊತ್ತಿನ ಚಾಳಿಗೆ ಈಗ ನಾನು ಮನೆಗೇ ಹೋಗುತ್ತೇನೆ. ಅದೇ ಟೇಬಲ್, ಅದೇ ರಾತ್ರಿ ಊಟ, ಮನೆಯವರೆಲ್ಲ ಕೂತಿರಬೇಕು. ಸೆಂಟರ್‌ನಲ್ಲಿ ನಾಯಿ ಮಲಗಲು ಕಲಿತ ಚಾಪೆಯೂ ಜೊತೆಗೆ ಹೋಗುತ್ತದೆ. ಪಾಠ ನಡೆದ ಜಾಗದ ಒಂದು ಗುರುತು ಎದುರಿಗಿದ್ದರೆ ಹಳೇದು ಮರಳುವುದು ಕಡಿಮೆ ಅಂತ ಬೌಟನ್ ಪ್ರಯೋಗಗಳೇ ತೋರಿಸಿವೆ.

ಅಜ್ಜಿಯಂದಿರದ್ದು ಬೇರೆಯೇ ಕಥೆ. "ಬೊಗಳಲೇ ಇಲ್ವಲ್ಲಪ್ಪ, ಪಾಪ" ಅಂತ ಟೇಬಲ್ ಕೆಳಗೆ ಒಂದು ಚೂರು ಚಪಾತಿ ಜಾರಿಸುತ್ತಾರೆ. ಹೀಗೆ ಬಿಟ್ಟಿ ಸಿಕ್ಕ ತುಂಡೂ ಹಳೇ ಚಾಳಿಯನ್ನು ಎಬ್ಬಿಸಬಲ್ಲದು. ಅವರ ಕೈಗೆ ನಾಯಿಯ ಬಟ್ಟಲನ್ನೇ ಕೊಡುತ್ತೇನೆ: ಚಾಪೆ ಮೇಲೆ ಮಲಗಿದ್ದಾಗ, ಚಾಪೆ ಮೇಲೇ ಹಾಕಿ ಅಂತ. ಬೇಡ ಅಂದರೆ ಕೇಳುವವರಲ್ಲ, ಅಲ್ವಾ?

ದಸರಾ ರಜೆಗೆ ಊರಿಗೆ ಹೋಗಿ ಬಂದಮೇಲೆ ಮತ್ತೆ ಬೊಗಳಬಹುದು ಅಂತಲೂ ಮೊದಲೇ ಹೇಳಿರುತ್ತೇನೆ. ಆಗಲೂ ಯಾರೂ ಏನೂ ಕೊಡದಿದ್ದರೆ ಸಾಮಾನ್ಯವಾಗಿ ಮೊದಲಿಗಿಂತ ಬೇಗ ಇಳಿಯುತ್ತದೆ. ಇಷ್ಟೆಲ್ಲ ಕೇಳಿ ಕೆಲವರು "ಗ್ಯಾರಂಟಿ ಕೊಡೋ ಟ್ರೈನರ್ ಇದ್ದಾರೆ ಸರ್" ಅಂತ ಫೋನ್ ಇಡುತ್ತಾರೆ.