ಪರಿಹಾರದ ಪಿಕ್ ಯಾರ ಖಾತೆಯಿಂದ ಹೋಗುತ್ತದೆ? ಆಸ್ಟ್ರೇಲಿಯಾದ ಫುಟ್‌ಬಾಲ್ ನಿಯಮಗಳೊಂದಿಗೆ ಒಂದು ಕೆಲಸ

ಬೆಂಗಳೂರಿನ ಒಂದು ಕ್ರೀಡಾ ದತ್ತಾಂಶ ಕಂಪನಿಯಲ್ಲಿ, ಆಟದ ನಿಯಮಗಳನ್ನು ಓದಿ ಅವನ್ನು ಎಂಜಿನಿಯರುಗಳು ಪ್ರೋಗ್ರಾಮಿಗೆ ಇಳಿಸಬಹುದಾದ ರೂಪಕ್ಕೆ ತಂದುಕೊಡುವುದು ನನ್ನ ಕೆಲಸ. ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್, ಅಂದರೆ ಎಎಫ್‌ಎಲ್, ನನ್ನ ಪಾಲಿಗೆ ಬಂದಾಗ ಮೈದಾನದ ನಿಯಮಗಳು ಹೆಚ್ಚು ಕಾಡಲಿಲ್ಲ. ಕಾಡಿದ್ದು ಋತು ಮುಗಿದ ಮೇಲೆ ನಡೆಯುವ ವ್ಯವಹಾರ. ಸೆಪ್ಟೆಂಬರ್ ಕೊನೆಯಲ್ಲಿ ಗ್ರ್ಯಾಂಡ್ ಫೈನಲ್ ಆಗುತ್ತದೆ. ಅಕ್ಟೋಬರಿನಲ್ಲಿ ಆಟಗಾರರು ಕ್ಲಬ್ ಬದಲಾಯಿಸುತ್ತಾರೆ. ಟ್ರೇಡ್ ಅವಧಿಯ ಕೊನೆಯ ದಿನ ಮೆಲ್ಬರ್ನಿನಲ್ಲಿ ಸಂಜೆ 7.30 ಆಗುವಾಗ ನಮಗಿಲ್ಲಿ ಮಧ್ಯಾಹ್ನ ಎರಡು ಗಂಟೆ. ಆ ಗಳಿಗೆಯಲ್ಲಿ 18 ಕ್ಲಬ್‌ಗಳಲ್ಲಿ ಯಾರ ಕೈಯಲ್ಲಿ ಯಾವ ಪಿಕ್, ಅಂದರೆ ಹೊಸ ಆಟಗಾರರನ್ನು ಆರಿಸುವ ಸರದಿ, ಇದೆ ಎಂಬುದನ್ನು ನಮ್ಮ ಪಟ್ಟಿ ತಪ್ಪಿಲ್ಲದೆ ಹೇಳಬೇಕು.

ಐಪಿಎಲ್ ಹರಾಜನ್ನು ನೋಡಿ ಬೆಳೆದ ನಮಗೆ ಇಲ್ಲಿ ಮೊದಲು ಮರೆಯಬೇಕಾದದ್ದು ಹಣವನ್ನು. ಎಎಫ್‌ಎಲ್‌ನಲ್ಲಿ ಒಂದು ಕ್ಲಬ್ ಇನ್ನೊಂದಕ್ಕೆ ಹಣ ಕೊಟ್ಟು ಆಟಗಾರನನ್ನು ಕೊಳ್ಳುವಂತಿಲ್ಲ. ಬಿಟ್ಟುಕೊಟ್ಟ ಆಟಗಾರನ ಸಂಬಳದಲ್ಲಿ ಒಂದು ಪಾಲನ್ನು ಹಳೆಯ ಕ್ಲಬ್ ಹೊತ್ತುಕೊಳ್ಳುವುದುಂಟು, ಆದರೆ ಬೆಲೆಯೆಂದು ಕೊಡಬಹುದಾದದ್ದು ಬೇರೆ ಆಟಗಾರರನ್ನು ಅಥವಾ ಡ್ರಾಫ್ಟಿನ ಪಿಕ್‌ಗಳನ್ನು ಮಾತ್ರ. ಡ್ರಾಫ್ಟಿನಲ್ಲಿ ಅಂಕಪಟ್ಟಿಯ ತಳದ ಕ್ಲಬ್ ಹೊಸ ಹುಡುಗರ ಪೈಕಿ ಮೊದಲು ಆಯ್ಕೆ ಮಾಡುತ್ತದೆ, ಚಾಂಪಿಯನ್ ಕ್ಲಬ್ ಕೊನೆಗೆ. ಹೀಗಾಗಿ ಪಿಕ್ಕೇ ಇಲ್ಲಿಯ ನಾಣ್ಯ, ಮತ್ತು ಸೋತವರ ಬಳಿ ಇರುವ ನಾಣ್ಯಕ್ಕೇ ಬೆಲೆ ಹೆಚ್ಚು. ಇನ್ನೊಂದು ಸಂಗತಿಯನ್ನೂ ಸೇರಿಸಬೇಕು: ಕರಾರಿನಲ್ಲಿರುವ ಆಟಗಾರನನ್ನು ಅವನ ಒಪ್ಪಿಗೆಯಿಲ್ಲದೆ ಟ್ರೇಡ್ ಮಾಡುವಂತಿಲ್ಲ. ಅಮೆರಿಕದ ಲೀಗ್‌ಗಳ ದತ್ತಾಂಶದಲ್ಲಿ ಪಳಗಿದ ನಮ್ಮ ಸಹೋದ್ಯೋಗಿಗಳಿಗೆ ಇದನ್ನು ಒಪ್ಪಿಸಲು ನನಗೆ ಸಾಕಷ್ಟು ಸಮಯ ಹಿಡಿಯಿತು.

ಆಟಗಾರನ ಈ ಹಕ್ಕು ಒಮ್ಮೆಗೇ ಬಂದದ್ದಲ್ಲ. 1973ರ ಋತುವಿನ ಹೊತ್ತಿಗೆ, ಲೀಗ್ ಇನ್ನೂ ವಿಕ್ಟೋರಿಯಾ ರಾಜ್ಯದ್ದೇ ಆಗಿದ್ದಾಗ, ಒಂದೇ ಕ್ಲಬ್ಬಿಗೆ ಹತ್ತು ವರ್ಷ ಆಡಿದವರು ಇಷ್ಟಬಂದ ಕಡೆ ಹೋಗಬಹುದೆಂಬ ನಿಯಮ ಅಲ್ಪಕಾಲ ಜಾರಿಯಲ್ಲಿತ್ತು. ಡಗ್ ವೇಡ್, ಬ್ಯಾರಿ ಡೇವಿಸ್ ಮತ್ತು ಜಾನ್ ರಾಂಟಲ್ ಮೂವರನ್ನೂ ನಾರ್ತ್ ಮೆಲ್ಬರ್ನ್ ಕರೆಸಿಕೊಂಡಿತು. ನಿಯಮ ಬೇಗನೆ ರದ್ದಾಯಿತು. 1975ರಲ್ಲಿ ಆ ಕ್ಲಬ್ ತನ್ನ ಮೊದಲ ಪ್ರೀಮಿಯರ್‌ಶಿಪ್, ಅಂದರೆ ಲೀಗ್ ಪ್ರಶಸ್ತಿ, ಗೆದ್ದಿತು. ಸೌತ್ ಮೆಲ್ಬರ್ನ್ ಕ್ಲಬ್ ಸಿಡ್ನಿಗೆ ಸ್ಥಳಾಂತರವಾದಾಗ ಜೊತೆಗೆ ಹೋಗಲೊಪ್ಪದ ಸಿಲ್ವಿಯೋ ಫೊಸ್ಕೀನಿ 1983ರಲ್ಲಿ ವಿಕ್ಟೋರಿಯಾದ ಸುಪ್ರೀಂ ಕೋರ್ಟಿಗೆ ಹೋದರು, ಮತ್ತು ಲೀಗಿನ ನಿಯಮಗಳು ಅವರ ದುಡಿಯುವ ಸ್ವಾತಂತ್ರ್ಯಕ್ಕೆ ಅನುಚಿತ ತಡೆಯೆಂದು ತೀರ್ಪಾಯಿತು. 1986ರಲ್ಲಿ ಡ್ರಾಫ್ಟ್, 1987ರಲ್ಲಿ ಸ್ಯಾಲರಿ ಕ್ಯಾಪ್, ಅಂದರೆ ಕ್ಲಬ್ಬಿನ ಒಟ್ಟು ಸಂಬಳಕ್ಕೆ ಮಿತಿ, ಬಂದವು. ಕರಾರು ಮುಗಿದ ಹಳಬರು ಟ್ರೇಡ್ ಇಲ್ಲದೆಯೂ ಬೇರೆ ಕ್ಲಬ್ ಸೇರಬಹುದಾದ ಫ್ರೀ ಏಜೆನ್ಸಿ ಜಾರಿಯಾದದ್ದು 2012ರ ಋತುವಿನ ಕೊನೆಗೆ. ಸೇಂಟ್ ಕಿಲ್ಡಾದಿಂದ ಎಸೆಂಡನ್‌ಗೆ ಹೋದ ಬ್ರೆಂಡನ್ ಗೊಡಾರ್ಡ್ ಅದರ ಮೊದಲ ದೊಡ್ಡ ಹೆಸರು. ಅದಕ್ಕೆ ಮುಂಚೆ ಕರಾರು ಮುಗಿದವನಿಗೆ, ಟ್ರೇಡ್ ಕುದುರದಿದ್ದರೆ, ಡ್ರಾಫ್ಟೊಂದೇ ದಾರಿಯಾಗಿತ್ತು. 2009ರಲ್ಲಿ ಸೇಂಟ್ ಕಿಲ್ಡಾದ ಲ್ಯೂಕ್ ಬಾಲ್ ಹಾಗೆಯೇ ಡ್ರಾಫ್ಟಿಗಿಳಿದರು, 30ನೇ ಪಿಕ್ಕಿನಲ್ಲಿ ಕಾಲಿಂಗ್‌ವುಡ್ ಅವರನ್ನು ಎತ್ತಿಕೊಂಡಿತು, ಮರುವರ್ಷದ ಫೈನಲ್ ಸಮವಾಗಿ ಮತ್ತೆ ಆಡಬೇಕಾದಾಗ ಅದೇ ಸೇಂಟ್ ಕಿಲ್ಡಾವನ್ನು ಸೋಲಿಸಿ ಕಪ್ ಗೆದ್ದಿತು. ಸೇಂಟ್ ಕಿಲ್ಡಾಗೆ ಬಾಲ್ ಹೋದದ್ದಕ್ಕೆ ಏನೂ ಸಿಗಲಿಲ್ಲ. ಫ್ರೀ ಏಜೆಂಟನ್ನು ಕಳೆದುಕೊಂಡ ಕ್ಲಬ್ಬಿಗೆ ಪಿಕ್ ಕೊಡುವ ಈಗಿನ ಪರಿಹಾರದ ನಿಯಮವನ್ನು ಟೀಕಿಸುವವರು ಈ ಪ್ರಸಂಗವನ್ನು ನೆನಪಿಡಬೇಕೆಂಬುದು ನನ್ನ ಅಭಿಪ್ರಾಯ.

ಈಗಿನ ವ್ಯವಸ್ಥೆಯಲ್ಲಿ ಒಂದೇ ಕ್ಲಬ್ಬಿನಲ್ಲಿ ಎಂಟು ವರ್ಷ ಪೂರೈಸಿದ ಆಟಗಾರ, ಆ ನಂತರ ಕರಾರು ಮುಗಿದಾಗ ಫ್ರೀ ಏಜೆಂಟ್ ಆಗುತ್ತಾನೆ. ಆ ಕ್ಲಬ್ಬಿನಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಶೇಕಡಾ 25ರ ಗುಂಪಿನಲ್ಲಿ ಅವನಿದ್ದರೆ, ಮೊದಲ ಸಲ ಅವನು ನಿರ್ಬಂಧಿತ ಫ್ರೀ ಏಜೆಂಟ್. ಅಂದರೆ ಹೊಸ ಕ್ಲಬ್ ಕೊಟ್ಟ ಪ್ರಸ್ತಾಪವನ್ನು ಹಳೆಯ ಕ್ಲಬ್ ಮ್ಯಾಚ್ ಮಾಡಬಹುದು, ಅಂದರೆ ತಾನೂ ಅಷ್ಟೇ ಕೊಡಲು ಮುಂದಾಗಬಹುದು. ಆಗ ಆಟಗಾರ ಅದೇ ಷರತ್ತಿನ ಮೇಲೆ ಉಳಿಯಬೇಕು, ಇಲ್ಲವೇ ಟ್ರೇಡ್ ಕುದುರಬೇಕು, ಇಲ್ಲವೇ ಡ್ರಾಫ್ಟಿಗೆ ಇಳಿಯಬೇಕು. ಮ್ಯಾಚ್ ಮಾಡದಿದ್ದರೆ ಅವನು ಹೊರಟುಹೋಗುತ್ತಾನೆ, ಮತ್ತು ಲೀಗ್ ಹಳೆಯ ಕ್ಲಬ್ಬಿಗೆ ಪರಿಹಾರವಾಗಿ ಒಂದು ಪಿಕ್ ಕೊಡಬಹುದು. ಕ್ಲಬ್ಬೇ ಪಟ್ಟಿಯಿಂದ ಕೈಬಿಟ್ಟ ಆಟಗಾರನೂ ಫ್ರೀ ಏಜೆಂಟೇ. ಅವನಿಗೆ ಪರಿಹಾರದ ಮಾತಿಲ್ಲ.

ನಿಯಮಗಳ ಮೊದಲ ಕರಡನ್ನು ತಂಡದ ಮುಂದಿಟ್ಟಾಗ, ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು, “ಸರ್, ಟ್ರೇಡ್‌ನಲ್ಲಿ ಪಿಕ್ ಒಬ್ಬರ ಖಾತೆಯಿಂದ ಹೋಗಿ ಇನ್ನೊಬ್ಬರ ಖಾತೆಗೆ ಬರುತ್ತದೆ. ಪರಿಹಾರದ ಪಿಕ್ ಬರುತ್ತದೆ, ಸರಿ. ಅದು ಹೋದದ್ದು ಯಾರ ಖಾತೆಯಿಂದ?” ಎಂದು ಕೇಳಿದಳು. ನಮ್ಮ ಕೋಷ್ಟಕದಲ್ಲಿ ಪ್ರತಿ ಪಿಕ್ಕಿಗೂ ಕೊಟ್ಟವರು, ಪಡೆದವರು ಎಂಬ ಎರಡು ಅಂಕಣಗಳಿದ್ದವು, ಮತ್ತು ಪರಿಹಾರದ ಸಾಲಿನಲ್ಲಿ ಮೊದಲನೆಯದು ಖಾಲಿಯಿತ್ತು. ಆಟಗಾರನನ್ನು ಪಡೆದ ಕ್ಲಬ್ಬಿನ ಹೆಸರನ್ನು ಅಲ್ಲಿ ತುಂಬುವಂತಿರಲಿಲ್ಲ, ಏಕೆಂದರೆ ಆ ಕ್ಲಬ್ ಸಂಬಳವೊಂದನ್ನು ಬಿಟ್ಟು ಬೇರೇನನ್ನೂ ಕೊಟ್ಟಿರುವುದಿಲ್ಲ. ಖಾಲಿ ಅಂಕಣವನ್ನು ‘ಲೀಗ್’ ಎಂದು ತುಂಬಿ ಮುಂದೆ ಹೋಗುವುದು ಸುಲಭವಿತ್ತು. ಹಾಗೆ ಮಾಡದೆ ಹಳೆಯ ಡ್ರಾಫ್ಟ್‌ಗಳನ್ನು ಒಂದೊಂದಾಗಿ ತೆಗೆದು ಸ್ಥಾನಗಳು ಹೇಗೆ ಸರಿದವು ಎಂದು ನೋಡಿದೆವು. ಈ ಕೆಲಸದಲ್ಲಿ ನಾನು ಕಲಿತ ಮುಖ್ಯ ಸಂಗತಿ ಆ ಶೋಧದಿಂದಲೇ ಬಂದದ್ದು.

2014ರಲ್ಲಿ ಮೆಲ್ಬರ್ನ್ ಕ್ಲಬ್ಬಿನ ರಕ್ಷಕ ಜೇಮ್ಸ್ ಫ್ರಾಲಿ ಹಾಥಾರ್ನ್‌ಗೆ ಹೋದರು. ಮೆಲ್ಬರ್ನ್‌ಗೆ ಪರಿಹಾರವಾಗಿ 3ನೇ ಪಿಕ್ ಬಂತು. 2018ರಲ್ಲಿ ಗೋಲ್ಡ್ ಕೋಸ್ಟ್‌ನ ಟಾಮ್ ಲಿಂಚ್ ರಿಚ್‌ಮಂಡ್‌ಗೆ ಹೋದರು. ಗೋಲ್ಡ್ ಕೋಸ್ಟ್‌ಗೆ 3ನೇ ಪಿಕ್. 2023ರಲ್ಲಿ ನಾರ್ತ್ ಮೆಲ್ಬರ್ನ್‌ನ ಬೆನ್ ಮೆಕೇ ಎಸೆಂಡನ್‌ಗೆ ಹೋದರು. ಮತ್ತೆ 3ನೇ ಪಿಕ್. ಲಿಂಚ್ ಗೋಲು ಹೊಡೆಯುವ ಮುಂಚೂಣಿಯ ಆಟಗಾರ, ಉಳಿದಿಬ್ಬರು ರಕ್ಷಕರು. ಮೂವರ ಆಟವಾಗಲಿ ಹೆಸರಾಗಲಿ ಒಂದೇ ತೂಕದ್ದಲ್ಲ. ಮೂರು ಪ್ರಕರಣಗಳಲ್ಲೂ ಸಮಾನವಾದದ್ದು ಒಂದೇ: ಆಯಾ ವರ್ಷ ಮೂರೂ ಕ್ಲಬ್‌ಗಳು ಅಂಕಪಟ್ಟಿಯಲ್ಲಿ 17ನೇ ಸ್ಥಾನದಲ್ಲಿದ್ದವು. ಪರಿಹಾರಕ್ಕೆ ಐದು ದರ್ಜೆಗಳಿದ್ದು, ಅತಿ ಮೇಲಿನ ದರ್ಜೆಯಲ್ಲಿ ಕ್ಲಬ್ಬಿನ ಸ್ವಂತ ಮೊದಲ ಸುತ್ತಿನ ಪಿಕ್ಕಿನ ಬೆನ್ನಿಗೇ ಇನ್ನೊಂದು ಪಿಕ್ ಸೇರುತ್ತದೆ. 17ನೇ ಸ್ಥಾನದ ಕ್ಲಬ್ಬಿನ ಸ್ವಂತ ಪಿಕ್ 2, ಪರಿಹಾರ 3. ಹಾಗಾದರೆ ಮೂರನೆಯವರಾಗಿ ಆರಿಸಬೇಕಿದ್ದ 16ನೇ ಸ್ಥಾನದ ಕ್ಲಬ್ ನಾಲ್ಕಕ್ಕೆ ಇಳಿಯಿತು. 2014ರಲ್ಲಿ ಅದು ಗ್ರೇಟರ್ ವೆಸ್ಟರ್ನ್ ಸಿಡ್ನಿ, 2018ರಲ್ಲಿ ಸೇಂಟ್ ಕಿಲ್ಡಾ, 2023ರಲ್ಲಿ ಹಾಥಾರ್ನ್. ಖಾಲಿ ಅಂಕಣಕ್ಕೆ ಉತ್ತರ ಇವರೇ, ಮತ್ತು ಇವರ ಕೆಳಗೆ ಸಾಲಿನಲ್ಲಿದ್ದ ಉಳಿದೆಲ್ಲರೂ. ವ್ಯವಹಾರದಲ್ಲಿ ಇವರ ಪಾತ್ರವೇ ಇರಲಿಲ್ಲ, ಮತ್ತು ಮುಂಚೂಣಿಯಲ್ಲಿ ಪೆಟ್ಟು ತಿಂದದ್ದು ಪ್ರತಿ ಸಲವೂ ತಳದಿಂದ ಮೂರನೆಯ ಕ್ಲಬ್.

2015ರಲ್ಲಿ ಲೀಗ್ ಪ್ರತಿ ಪಿಕ್ಕಿಗೂ ಒಂದು ಅಂಕಮೌಲ್ಯ ನಿಗದಿ ಮಾಡಿತು. ಆ ಮೊದಲ ಸೂಚಿಯಲ್ಲಿ (ಮುಂದೆ ಅದು ಪರಿಷ್ಕರಣೆಗೊಂಡಿದೆ) ಪಿಕ್ 1ಕ್ಕೆ 3000, ಪಿಕ್ 3ಕ್ಕೆ 2234, ಪಿಕ್ 4ಕ್ಕೆ 2034. ಅಂದರೆ ಮೂರರಿಂದ ನಾಲ್ಕಕ್ಕೆ ಇಳಿದ ಕ್ಲಬ್ ಕಳೆದುಕೊಂಡದ್ದು 200 ಅಂಕ. ಇದೇ ಸೂಚಿಯಿಂದ ಅಳೆದರೆ ಇನ್ನೊಂದು ತುದಿಯ ಪ್ರಕರಣವೂ ಸ್ಪಷ್ಟವಾಗುತ್ತದೆ. 2013ರಲ್ಲಿ ಪ್ರೀಮಿಯರ್‌ಶಿಪ್ ಗೆದ್ದ ಬೆನ್ನಿಗೇ ಹಾಥಾರ್ನ್‌ನ ಲ್ಯಾನ್ಸ್ ಫ್ರಾಂಕ್ಲಿನ್ ಒಂಬತ್ತು ವರ್ಷಕ್ಕೆ ಸುಮಾರು ಒಂದು ಕೋಟಿ ಆಸ್ಟ್ರೇಲಿಯನ್ ಡಾಲರಿನ ಕರಾರಿಗೆ ಸಿಡ್ನಿ ಸ್ವಾನ್ಸ್ ಸೇರಿದರು. ಆ ಪೀಳಿಗೆಯ ಅತಿ ದೊಡ್ಡ ಗೋಲುಗಾರರಲ್ಲಿ ಒಬ್ಬರನ್ನು ಕಳೆದುಕೊಂಡದ್ದಕ್ಕೆ ಹಾಥಾರ್ನ್‌ಗೆ ಸಿಕ್ಕಿದ್ದು 19ನೇ ಪಿಕ್, 948 ಅಂಕ. ಮರುವರ್ಷ ಫ್ರಾಲಿಗೆ ಮೆಲ್ಬರ್ನ್ ಪಡೆದದ್ದು 2234. ಹೋದ ಆಟಗಾರನ ಬೆಲೆ ದರ್ಜೆಯನ್ನು ಮಾತ್ರ ನಿರ್ಧರಿಸುತ್ತದೆ. ಪಿಕ್ಕಿನ ನಿಜವಾದ ಬೆಲೆಯನ್ನು ನಿರ್ಧರಿಸುವುದು ಆ ವರ್ಷ ಕ್ಲಬ್ ಎಷ್ಟು ಕೆಟ್ಟದಾಗಿ ಆಡಿತು ಎಂಬುದು. ದುರ್ಬಲರನ್ನು ಎತ್ತುವುದು ಉದ್ದೇಶವಾದರೆ ಇದು ಸರಿ. ಕಳೆದುಕೊಂಡದ್ದಕ್ಕೆ ಬದಲು ಕೊಡುವುದು ಉದ್ದೇಶವಾದರೆ ಇದು ಸರಿಯಲ್ಲ. ಎರಡೂ ಉದ್ದೇಶಗಳನ್ನು ಒಂದೇ ನಿಯಮದ ಮೇಲೆ ಹೇರಿದ್ದರಿಂದಲೇ ಪ್ರತಿ ಅಕ್ಟೋಬರಿನಲ್ಲೂ ಅದೇ ಜಗಳ ಮರುಕಳಿಸುತ್ತದೆ ಎಂದು ನಾನು ಭಾವಿಸುತ್ತೇನೆ. ಹಾಗೆಂದು ಮೆಲ್ಬರ್ನ್ ತನಗೆ ಬಂದ ಪಿಕ್ಕನ್ನು ವ್ಯರ್ಥ ಮಾಡಲಿಲ್ಲ: 2014ರ 2 ಮತ್ತು 3ನೇ ಪಿಕ್‌ಗಳಲ್ಲಿ ಆಯ್ಕೆಯಾದ ಕ್ರಿಶ್ಚಿಯನ್ ಪೆಟ್ರಾಕಾ ಮತ್ತು ಆಂಗಸ್ ಬ್ರೇಶಾ ಇಬ್ಬರೂ 2021ರ ಪ್ರೀಮಿಯರ್‌ಶಿಪ್ ತಂಡದಲ್ಲಿದ್ದರು.

ಇದು ಅರ್ಥವಾದ ಮೇಲೆ ಮ್ಯಾಚ್ ಮಾಡುವ ಹಕ್ಕನ್ನೂ ಬೇರೆ ಕಣ್ಣಿನಿಂದ ನೋಡಬೇಕಾಯಿತು. ಆಟಗಾರನನ್ನು ಉಳಿಸಿಕೊಳ್ಳಲೆಂದು ಇರುವ ಹಕ್ಕು ಅದು ಎಂದು ಕರಡಿನಲ್ಲಿ ಬರೆದಿದ್ದೆವು. ವಾಸ್ತವದಲ್ಲಿ, ಪರಿಹಾರ ಸಾಲದೆನಿಸಿದ ಕ್ಲಬ್ ಎದುರಾಳಿಯನ್ನು ಟ್ರೇಡ್ ಮೇಜಿಗೆ ಎಳೆಯಲು ಅದನ್ನು ಬಳಸುತ್ತದೆ. 2015ರಲ್ಲಿ ಪ್ಯಾಟ್ರಿಕ್ ಡೇಂಜರ್‌ಫೀಲ್ಡ್ ಜಿಲಾಂಗ್‌ಗೆ ಹೊರಟಾಗ ಅಡಿಲೇಡ್ ಪರಿಹಾರದ ದಾರಿ ಹಿಡಿಯದೆ, ಅವರೊಂದಿಗೆ 50ನೇ ಪಿಕ್ಕನ್ನೂ ಸೇರಿಸಿ ಕೊಟ್ಟು, 9 ಮತ್ತು 28ನೇ ಪಿಕ್‌ಗಳನ್ನೂ ಡೀನ್ ಗೋರ್ ಎಂಬ ಆಟಗಾರನನ್ನೂ ಟ್ರೇಡ್‌ನಲ್ಲಿ ಪಡೆಯಿತು. 2020ರಲ್ಲಿ ಹತ್ತನೇ ಸ್ಥಾನದಲ್ಲಿದ್ದ ಗ್ರೇಟರ್ ವೆಸ್ಟರ್ನ್ ಸಿಡ್ನಿ, ಜೆರೆಮಿ ಕ್ಯಾಮರಾನ್‌ಗೆ ಜಿಲಾಂಗ್ ಕೊಟ್ಟ ಪ್ರಸ್ತಾಪವನ್ನು ಮ್ಯಾಚ್ ಮಾಡಿತು. ಮುಂದಿನ ವರ್ಷದ ಎರಡನೇ ಸುತ್ತಿನ ಎರಡು ಪಿಕ್‌ಗಳನ್ನು ಕ್ಯಾಮರಾನ್ ಜೊತೆಗೆ ಬಿಟ್ಟುಕೊಟ್ಟರೂ, 13, 15 ಮತ್ತು 20ನೇ ಪಿಕ್‌ಗಳನ್ನು ಅದು ಗಿಟ್ಟಿಸಿತು. ಅದೇ ವರ್ಷ ಜೋ ಡ್ಯಾನಿಹರ್ ಬ್ರಿಸ್ಬೇನ್‌ಗೆ ಹೊರಟಾಗ ಎಸೆಂಡನ್ ಮ್ಯಾಚ್ ಮಾಡಲಿಲ್ಲ: ತನ್ನ 6ನೇ ಪಿಕ್ಕಿನ ಬೆನ್ನಿಗೆ 7ನೆಯದು ಉಚಿತವಾಗಿ ಬರುವಾಗ ಹಗ್ಗ ಜಗ್ಗಾಡುವ ಅಗತ್ಯವೇನಿತ್ತು? ಈ ಎರಡು ದಾರಿಗಳಲ್ಲಿ ಖರ್ಚು ಹೊರುವವರು ಬೇರೆ ಬೇರೆ. ಕ್ಯಾಮರಾನ್‌ಗೆ ಬೆಲೆ ತೆತ್ತದ್ದು ಅವರನ್ನು ಪಡೆದ ಜಿಲಾಂಗ್. ಡ್ಯಾನಿಹರ್‌ಗೆ ಬೆಲೆ ತೆತ್ತದ್ದು ಬ್ರಿಸ್ಬೇನ್ ಅಲ್ಲ, ಡ್ರಾಫ್ಟಿನಲ್ಲಿ ಏಳನೇ ಸ್ಥಾನದಿಂದ ಕೆಳಗಿದ್ದ ಸಾಲು.

ಪರಿಹಾರದ ದರ್ಜೆಯನ್ನು ಲೀಗ್ ಯಾವ ಸೂತ್ರದಿಂದ ನಿರ್ಧರಿಸುತ್ತದೆ ಎಂಬುದನ್ನು ಅದು ಪ್ರಕಟಿಸುವುದಿಲ್ಲ. ಹೊಸ ಕರಾರಿನ ಮೊತ್ತ, ಅವಧಿ ಮತ್ತು ಆಟಗಾರನ ವಯಸ್ಸು ಲೆಕ್ಕಕ್ಕೆ ಬರುತ್ತವೆ. ಅದೇ ವರ್ಷ ಆ ಕ್ಲಬ್ ಬೇರೆ ಫ್ರೀ ಏಜೆಂಟನ್ನು ತಂದುಕೊಂಡರೆ ಹೋದದ್ದರಿಂದ ಬಂದದ್ದನ್ನು ಕಳೆಯಲಾಗುತ್ತದೆ. ಹಳೆಯ ಪ್ರಕರಣಗಳನ್ನು ಕೊಟ್ಟು ಸೂತ್ರವನ್ನು ಊಹಿಸುವ ಮಾದರಿಯೊಂದನ್ನು ಕಟ್ಟೋಣವೆಂದು ಎಂಜಿನಿಯರುಗಳು ಉತ್ಸಾಹ ತೋರಿದರು. ನಾನು ಬೇಡವೆಂದೆ. ಪ್ರಕರಣಗಳು ಕಡಿಮೆ, ಮತ್ತು ಒಬ್ಬೊಬ್ಬ ಆಟಗಾರನ ಸಂಬಳ ಅಧಿಕೃತವಾಗಿ ಹೊರಬೀಳುವುದಿಲ್ಲ. ಪತ್ರಿಕೆಗಳ ಅಂದಾಜನ್ನು ಆಧಾರವಾಗಿಟ್ಟು ಇನ್ನೊಂದು ಅಂದಾಜು ಮಾಡಿ ಗ್ರಾಹಕರಿಗೆ ಮಾರುವುದು ನನಗೆ ಒಪ್ಪಿಗೆಯಾಗಲಿಲ್ಲ. ಪರಿಹಾರವನ್ನು ನಮ್ಮ ವ್ಯವಸ್ಥೆ ಲೆಕ್ಕ ಹಾಕುವುದಿಲ್ಲ. ಲೀಗ್ ಘೋಷಿಸಿದ ಮೇಲೆ ಅದನ್ನು ಒಂದು ಘಟನೆಯಾಗಿ ದಾಖಲಿಸುತ್ತದೆ. ಮಾರಾಟ ವಿಭಾಗಕ್ಕೆ ಇದು ಸಪ್ಪೆಯೆನಿಸಿತು, ಮತ್ತು ಈಗಲೂ ಅನಿಸುತ್ತದೆ.

ಪಿಕ್ಕಿನ ಸಂಖ್ಯೆಯನ್ನೇ ಅದರ ಗುರುತಾಗಿ ಇಡಬಾರದೆಂಬುದೂ ಇದೇ ಶೋಧದಲ್ಲಿ ಖಚಿತವಾಯಿತು. 2020ರಲ್ಲಿ ಎಸೆಂಡನ್ 6, 7 ಮತ್ತು 8ನೇ ಪಿಕ್‌ಗಳೊಂದಿಗೆ ಟ್ರೇಡ್ ಅವಧಿ ಮುಗಿಸಿತು, ಆದರೆ ಡ್ರಾಫ್ಟಿನ ದಿನ ಅವೇ ಪಿಕ್‌ಗಳು 8, 9 ಮತ್ತು 10 ಆಗಿದ್ದವು. ಕ್ಲಬ್‌ಗಳು ತಮ್ಮ ಅಕಾಡೆಮಿಯಲ್ಲಿ ಬೆಳೆದ ಹುಡುಗರಿಗೆ ಬೇರೆಯವರು ತಮ್ಮ ಸರದಿಯಲ್ಲಿ ಹಾಕಿದ ಬಿಡ್ಡನ್ನು ಸ್ವಂತ ಪಿಕ್‌ಗಳ ಅಂಕ ತೆತ್ತು ಸರಿಗಟ್ಟಿದಾಗಲೂ ಸಾಲು ಕೆಳಗೆ ಸರಿಯುತ್ತದೆ. ಹಾಗಾಗಿ ಪ್ರತಿ ಪಿಕ್ಕಿಗೂ ಅದರ ಮೂಲ ಕ್ಲಬ್, ವರ್ಷ, ಸುತ್ತು ಮತ್ತು ಹುಟ್ಟಿದ ಕಾರಣ ಇವಿಷ್ಟನ್ನೂ ಸೇರಿಸಿ ಒಂದು ಸ್ಥಿರ ಗುರುತು ಕೊಟ್ಟೆವು. ಸಂಖ್ಯೆ ಆ ಗಳಿಗೆಯ ಸ್ಥಾನ ಮಾತ್ರ. ‘ಕೊಟ್ಟವರು’ ಅಂಕಣವನ್ನು ಪರಿಹಾರದ ಸಾಲುಗಳಲ್ಲಿ ತೆಗೆದುಹಾಕಿ, ಕೆಳಗೆ ಸರಿದ ಪ್ರತಿಯೊಂದು ಪಿಕ್ಕಿನ ಇತಿಹಾಸದಲ್ಲೂ ಸರಿತಕ್ಕೆ ಕಾರಣವನ್ನು ಬರೆಯುವ ಏರ್ಪಾಟು ಮಾಡಿದೆವು. 2023ರ ಹಾಥಾರ್ನ್ ಪಿಕ್ಕನ್ನು ಈಗ ಯಾರಾದರೂ ತೆರೆದು ನೋಡಿದರೆ, ಅಂಕಪಟ್ಟಿಯ ಪ್ರಕಾರ 3 ಆಗಿದ್ದದ್ದು ಮೆಕೇ ಪರಿಹಾರದಿಂದ 4 ಆಯಿತೆಂದೂ, ಗೋಲ್ಡ್ ಕೋಸ್ಟ್ ತನ್ನ ಅಕಾಡೆಮಿಯ ಜೆಡ್ ವಾಲ್ಟರ್‌ಗೆ ಬಂದ ಬಿಡ್ಡನ್ನು ಸರಿಗಟ್ಟಿದ್ದರಿಂದ 5 ಆಯಿತೆಂದೂ ಎರಡು ಪ್ರತ್ಯೇಕ ಸಾಲುಗಳು ಕಾಣುತ್ತವೆ.